ಸೋಲಿನ ಲೆಕ್ಕ ಬಲ್ಲ ಆಟಗಾರ

2023ನೆಯ ಇಸವಿ ಮೇ 14ರಂದು ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ಎಂಬತ್ತೊಂಬತ್ತು ವರ್ಷದ ವೃದ್ಧನೊಬ್ಬ ನಿಧನ ಹೊಂದಿದ. ಹೆಸರು ಡಾಯ್ಲ್ ಬ್ರನ್ಸನ್. ಆತ ಕಾಲೇಜಿನಲ್ಲಿ ಪಡೆದದ್ದು ಶಾಲಾ ಆಡಳಿತದಲ್ಲಿ ಸ್ನಾತಕೋತ್ತರ ಪದವಿ. ಅರ್ಧ ಶತಮಾನಕ್ಕೂ ಮಿಕ್ಕಿ ನಡೆಸಿದ ಉದ್ಯೋಗವಾದರೋ ಇಸ್ಪೀಟಾಟ. ಪೋಕರ್ ಎಂಬ ಪಂದ್ಯದ ಆಟದಲ್ಲಿ ಆತನಷ್ಟು ದೀರ್ಘಕಾಲ ಅಗ್ರಪಂಕ್ತಿಯಲ್ಲಿ ಉಳಿದವರು ತೀರ ವಿರಳ.

ಇಸ್ಪೀಟು ಆಡುವವನ ಚರಿತ್ರೆ ಸಂಸಾರಸ್ಥರ ಪತ್ರಿಕೆಗೇಕೆ ಎಂದು ವಾಚಕರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಜೂಜಿಗೆ ಕುಳಿತು ಕೆಟ್ಟವರ ಕಥೆ ನಮಗೆ ಹೊಸದಲ್ಲ. ಧರ್ಮರಾಯ ರಾಜ್ಯ ಕಳೆದುಕೊಂಡ. ನಳ ಉಟ್ಟ ಬಟ್ಟೆಯಲ್ಲಿ ಕಾಡಿಗೆ ನಡೆದ. ನಮ್ಮ ನಮ್ಮ ಊರುಗಳಲ್ಲಿಯೂ ಹೊಲ ಒತ್ತೆಯಿಟ್ಟವರನ್ನು, ಹೆಂಡತಿಯ ತಾಳಿ ಮಾರಿದವರನ್ನು ಕಂಡಿದ್ದೇವೆ. ಆದರೆ ಐವತ್ತು ವರ್ಷ ಆಡಿಯೂ ಕೆಡದೆ ಉಳಿದವನ ಕಥೆ ಅಪರೂಪ. ಅವನು ಏಕೆ ಕೆಡಲಿಲ್ಲ ಎಂಬುದನ್ನು ಸರಿಯಾಗಿ ತಿಳಿದರೆ, ಮಿಕ್ಕವರು ಏಕೆ ಕೆಡುತ್ತಾರೆ ಎಂಬುದೂ ತಿಳಿಯುತ್ತದೆ. ಆ ಒಂದು ಕಾರಣಕ್ಕಾಗಿ ಈ ಬರಹ.

ಕಾಲು ಮುರಿದ ಓಟಗಾರ

ಬ್ರನ್ಸನ್ ಹುಟ್ಟಿದ್ದು 1933ರ ಆಗಸ್ಟ್ 10ರಂದು, ಟೆಕ್ಸಾಸ್ ಸಂಸ್ಥಾನದ ಪಶ್ಚಿಮ ಭಾಗದಲ್ಲಿರುವ ಲಾಂಗ್‌ವರ್ತ್ ಎಂಬ ಪುಟ್ಟ ಹಳ್ಳಿಯಲ್ಲಿ. ಹುಡುಗನ ಒಲವು ಓಟ ಮತ್ತು ಬ್ಯಾಸ್ಕೆಟ್‌ಬಾಲ್ ಕಡೆಗೆ. 1950ರಲ್ಲಿ ಟೆಕ್ಸಾಸಿನ ಶಾಲಾ ವಿದ್ಯಾರ್ಥಿಗಳ ಒಂದು ಮೈಲಿ ಓಟದಲ್ಲಿ ಆತನೇ ಮೊದಲಿಗ. ಮುಂದೆ ಅಬಿಲೀನ್ ಪಟ್ಟಣದ ಹಾರ್ಡಿನ್-ಸಿಮನ್ಸ್ ವಿಶ್ವವಿದ್ಯಾಲಯ ಸೇರಿದ. ಅಲ್ಲಿ ಆತನ ಆಟವನ್ನು ಕಂಡು, ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡವಾದ ಮಿನಿಯಾಪೊಲಿಸ್ ಲೇಕರ್ಸ್ ಕೂಡ ಆತನ ಮೇಲೆ ಕಣ್ಣಿಟ್ಟಿತ್ತು.

ಅಷ್ಟರಲ್ಲಿ ವಿಧಿ ಬೇರೆಯೇ ಎಣಿಸಿತ್ತು. ಬೇಸಗೆಯ ರಜೆಯಲ್ಲಿ ಕೂಲಿಗೆ ಹೋಗಿದ್ದಾಗ ಜಿಪ್ಸಂ ಹಲಗೆಗಳ ರಾಶಿ ಮೈಮೇಲೆ ಜಾರಿ, ಕಾಲು ಎರಡು ಕಡೆ ಮುರಿಯಿತು. ಓಟವೂ ಹೋಯಿತು, ಬ್ಯಾಸ್ಕೆಟ್‌ಬಾಲ್ ಕನಸೂ ಹೋಯಿತು. ಮುಪ್ಪಿನಲ್ಲಿ ಆತ ಊರುಗೋಲು ಹಿಡಿದದ್ದಕ್ಕೂ ಆ ಹಳೆಯ ಪೆಟ್ಟೇ ಮೂಲ. ಮೈದಾನ ಬಿಟ್ಟ ಯುವಕ ಓದಿನ ಕಡೆಗೆ ಹೆಚ್ಚು ತಿರುಗಿದ. ಬಿಡುವಿನಲ್ಲಿ ಇಸ್ಪೀಟಿನ ಕಡೆಗೂ. 1954ರಲ್ಲಿ ಪದವಿ ಬಂತು. ಬಳಿಕ ಶಾಲಾ ಆಡಳಿತದ ಸ್ನಾತಕೋತ್ತರ ಪದವಿಯೂ ಬಂತು. ಶಾಲೆಯ ಮುಖ್ಯಸ್ಥನಾಗಿ ಕುಳಿತುಕೊಳ್ಳಬೇಕಾಗಿದ್ದವನು ಹೆಚ್ಚಿನ ಸಂಪಾದನೆಯ ಆಸೆಯಿಂದ ಕಚೇರಿ ಯಂತ್ರಗಳನ್ನು ಮಾರುವ ಕಂಪನಿಯೊಂದಕ್ಕೆ ಸೇರಿದ. ಕೆಲಸದ ಮೊದಲನೆಯ ದಿನವೇ ಯಾರೋ ಆಟಕ್ಕೆ ಕರೆದರು. ಕೆಲವೇ ಗಂಟೆಗಳಲ್ಲಿ ಕೈಸೇರಿದ ಹಣ ಒಂದು ತಿಂಗಳ ಸಂಬಳವನ್ನು ಮೀರಿತ್ತು. ಸ್ವಲ್ಪ ಕಾಲದಲ್ಲೇ ಕಂಪನಿಗೆ ನಮಸ್ಕಾರ ಹೇಳಿದ.

ಪಾಠ ಹೇಳುವ ವೃತ್ತಿಯಲ್ಲೇ ತಲೆ ನರೆಸಿಕೊಂಡಿರುವ ನನಗೆ ಈ ಭಾಗ ಓದಿದಾಗ ತುಸು ಕಸಿವಿಸಿಯಾಯಿತು. ಒಂದು ಸಂಜೆಯ ಇಸ್ಪೀಟು ಒಂದು ತಿಂಗಳ ದುಡಿಮೆಯನ್ನು ಅಣಕಿಸುವುದು ಎಳೆಯ ಮನಸ್ಸಿಗೆ ಎಂತಹ ಪ್ರಲೋಭನೆ! ಆದರೆ ಆ ಒಂದು ಸಂಜೆಗೇ ಕಥೆ ಮುಗಿಯುವುದಿಲ್ಲ.

ಕೂಡಿಸಿದ ಗಂಟು, ಕರಗಿದ ಗಂಟು

ಆಗಿನ ಟೆಕ್ಸಾಸಿನಲ್ಲಿ ಹಣವಿಟ್ಟು ಆಡುವುದು ಕಾನೂನಿಗೆ ವಿರುದ್ಧವಾಗಿತ್ತು. ಬ್ರನ್ಸನ್ ಮೊದಲು ಕುಳಿತದ್ದು ಫೋರ್ಟ್‌ವರ್ತ್ ನಗರದ ಎಕ್ಸ್‌ಚೇಂಜ್ ಬೀದಿಯ ಹಿಂಕೋಣೆಗಳಲ್ಲಿ. ಬಾಗಿಲು ಬಡಿದರೆ ಪೊಲೀಸರೋ ದರೋಡೆಕೋರರೋ ತಿಳಿಯದು. ಬಂದೂಕು ತೋರಿಸಿ ಮೇಜಿನ ಹಣ ದೋಚಿಕೊಂಡು ಹೋದದ್ದುಂಟು. ಬಳಿಕ ಅಮರಿಲ್ಲೊ ಸ್ಲಿಮ್ ಎಂದು ಹೆಸರಾದ ಥಾಮಸ್ ಪ್ರೆಸ್ಟನ್, ಸೈಲರ್ ರಾಬರ್ಟ್ಸ್ ಇವರಿಬ್ಬರೊಡನೆ ಸೇರಿ ಆತ ಊರೂರು ಸುತ್ತಿದ. ಮೂವರಿಗೂ ಒಂದೇ ಗಂಟು. ಗೆದ್ದರೂ ಸೋತರೂ ಮೂವರದು. ಹೀಗೆ ಸುಮಾರು ಆರು ವರ್ಷ ನಡೆಯಿತು. ಮುಂದೆ ಈ ಮೂವರೂ ಪೋಕರಿನ ಮಹಾಪಂದ್ಯವನ್ನು ಗೆದ್ದರೆಂಬುದು ಗಮನಿಸತಕ್ಕ ಸಂಗತಿ.

ಟೆಕ್ಸಾಸಿನಲ್ಲಿ ಗೆದ್ದ ಧೈರ್ಯದಿಂದ ಮೂವರೂ ಲಾಸ್ ವೇಗಸ್‌ಗೆ ಹೋದರು. ಅಲ್ಲಿ ಜೂಜು ಕಾನೂನುಬದ್ಧ. ಆಟಗಾರರೂ ಬೇರೆ ತೂಕದವರು. ಆರು ವರ್ಷ ಕೂಡಿಸಿದ ಗಂಟೆಲ್ಲ ಆ ಒಂದು ಪ್ರವಾಸದಲ್ಲಿ ಕರಗಿಹೋಯಿತು. ಪಾಲುದಾರಿಕೆ ಮುರಿಯಿತು, ಸ್ನೇಹ ಮುರಿಯಲಿಲ್ಲ. ಬರಿಗೈಯಾದ ಬ್ರನ್ಸನ್ ಮತ್ತೆ ಮೊದಲಿನಿಂದ ಕಟ್ಟತೊಡಗಿದ.

1962ರಲ್ಲಿ ಲೂಯಿಸ್ ಎಂಬಾಕೆಯೊಡನೆ ಮದುವೆಯಾಯಿತು. ಆಕೆ ಔಷಧ ಶಾಸ್ತ್ರ ಓದಿದ ಗೃಹಿಣಿ. ಅದೇ ವರ್ಷ ಆತನ ಕುತ್ತಿಗೆಯಲ್ಲಿ ಗಂಟೊಂದು ಕಾಣಿಸಿತು. ಶಸ್ತ್ರಚಿಕಿತ್ಸೆಗೆ ಕೈಹಾಕಿದ ವೈದ್ಯರು ಕ್ಯಾನ್ಸರ್ ಹಬ್ಬಿದೆಯೆಂದರು. ಹುಟ್ಟಲಿರುವ ಮಗುವಿನ ಮುಖ ನೋಡುವಷ್ಟು ಕಾಲ ಬದುಕಿದರೆ ಸಾಕೆಂಬ ಆಸೆಯಿಂದ ಮತ್ತೊಂದು ಶಸ್ತ್ರಚಿಕಿತ್ಸೆ ನಡೆಯಿತು. ಆ ಬಳಿಕ ರೋಗದ ಸುಳಿವೇ ಇಲ್ಲವಾಯಿತು. ಮಗು ಹುಟ್ಟಿತು, ಡಾಯ್ಲಾ ಎಂದು ಹೆಸರಿಟ್ಟರು. ಯಾರ ಮುಖ ನೋಡಲೆಂದು ತಂದೆ ಸಾವಿನೊಡನೆ ಹೋರಾಡಿದನೋ ಆ ಮಗಳು ಹದಿನೆಂಟನೆಯ ವಯಸ್ಸಿನಲ್ಲಿ ಹೃದಯದ ಕವಾಟದ ತೊಂದರೆಯಿಂದ ತೀರಿಕೊಂಡಳು. ಮೇಜಿನ ಮೇಲೆ ಎಷ್ಟು ಗೆದ್ದರೇನು, ಈ ನಷ್ಟಕ್ಕೆ ಲೆಕ್ಕವೆಲ್ಲಿ?

ಎಣಿಕೆಯ ವಿದ್ಯೆ

ಬ್ರನ್ಸನ್ ಹೆಸರು ಮಾಡಿದ ಆಟಕ್ಕೆ ಟೆಕ್ಸಾಸ್ ಹೋಲ್ಡೆಮ್ ಎಂದು ಹೆಸರು. ಐವತ್ತೆರಡು ಎಲೆಗಳ ಕಟ್ಟು. ಪ್ರತಿಯೊಬ್ಬನಿಗೂ ಗುಟ್ಟಾಗಿ ಎರಡೆರಡು ಎಲೆ. ಅನಂತರ ಎಲ್ಲರಿಗೂ ಸಮಾನವಾಗಿ ಸಲ್ಲುವ ಐದು ಎಲೆಗಳನ್ನು ಮೇಜಿನ ನಡುವೆ ತೆರೆದಿಡುತ್ತಾರೆ: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಮತ್ತೊಂದು. ಈ ಏಳರಲ್ಲಿ ಉತ್ತಮವಾದ ಐದನ್ನು ಕೂಡಿಸಿದವನು ಗೆದ್ದಂತೆ. ಆದರೆ ನಡುನಡುವೆ ನಾಲ್ಕು ಸಲ ಪಣ ಒಡ್ಡುವುದುಂಟು. ಎದುರಾಳಿಯ ಪಣಕ್ಕೆ ಸಮನಾಗಿ ಹಣ ಇಡದವನು ಎಲೆ ಕೆಳಗಿಟ್ಟು ಹಿಂಜರಿಯಬೇಕು. ಹೀಗಾಗಿ ಕೈಯಲ್ಲಿ ಏನೂ ಇಲ್ಲದವನೂ ಗಟ್ಟಿ ಪಣ ಒಡ್ಡಿ ಇತರರನ್ನು ಓಡಿಸಬಹುದು. ಮಿತಿಯಿಲ್ಲದ ಆಟದಲ್ಲಿ ಯಾವ ಗಳಿಗೆಯಲ್ಲಾದರೂ ಮುಂದಿರುವ ಹಣವನ್ನೆಲ್ಲ ದೂಡಬಹುದು.

ಇಲ್ಲಿ ಲೆಕ್ಕ ಬರುತ್ತದೆ. ಮೊದಲ ಎರಡು ಎಲೆಗಳು 1,326 ವಿಧವಾಗಿ ಬರಬಹುದು. ಅವುಗಳಲ್ಲಿ ಜೋಡಿ ಎಕ್ಕ ಬರುವುದು ಆರು ವಿಧವಾಗಿ ಮಾತ್ರ. ಎಂದರೆ 221 ಸಲಕ್ಕೆ ಒಮ್ಮೆ. ಅದೇ ಬರಲೆಂದು ಕಾದು ಕುಳಿತವನು ಅಷ್ಟರಲ್ಲಿ ಕಡ್ಡಾಯ ಪಣಗಳನ್ನು ಕಟ್ಟಿ ಸೊರಗಿರುತ್ತಾನೆ.

ಇನ್ನೊಂದು ಉದಾಹರಣೆ. ಒಬ್ಬನಿಗೆ ಒಂದೇ ಬಗೆಯ ಐದು ಎಲೆ ಕೂಡಬೇಕು. ಅವನ ಕೈಯಲ್ಲೆರಡು, ಮೇಜಿನ ಮೇಲೆ ತೆರೆದಿರುವ ನಾಲ್ಕರಲ್ಲಿ ಎರಡು, ಹೀಗೆ ನಾಲ್ಕು ಕೂಡಿವೆ. ಇನ್ನೊಂದೇ ಎಲೆ ಬಾಕಿ. ಅವನು ಕಾಣದ ಎಲೆಗಳು 46. ಅವುಗಳಲ್ಲಿ ಬೇಕಾದ ಬಗೆಯವು 9. ಮೇಜಿನ ಮೇಲೆ 100 ರೂಪಾಯಿ ಇದೆ. ಮುಂದುವರಿಯಲು ಅವನು 20 ರೂಪಾಯಿ ಇಡಬೇಕು. ಇಂಥದೇ ಸಂದರ್ಭ 46 ಸಲ ಬಂದರೆ, ಸರಾಸರಿಯಲ್ಲಿ 9 ಸಲ ಗೆದ್ದು 900 ಪಡೆಯುತ್ತಾನೆ. 37 ಸಲ ಸೋತು 740 ಕೊಡುತ್ತಾನೆ. ಉಳಿಯುವುದು 160. ಆದ್ದರಿಂದ ಹಣ ಇಡಬಹುದು. ಮೇಜಿನ ಮೇಲೆ 60 ರೂಪಾಯಿ ಮಾತ್ರ ಇದ್ದರೆ? ಬರುವುದು 540, ಹೋಗುವುದು ಅದೇ 740. ಆಗ ಎಲೆ ಕೆಳಗಿಡಬೇಕು. ಎರಡು ಸಲವೂ ಎಲೆಗಳು ಅವೇ, ಆಸೆಯೂ ಅದೇ. ಬದಲಾದದ್ದು ಲೆಕ್ಕ ಮಾತ್ರ.

ಈ ಸಣ್ಣ ಗುಣಾಕಾರದಲ್ಲಿ ವೃತ್ತಿಗಾರನಿಗೂ ಹವ್ಯಾಸಿಗೂ ಇರುವ ಅಂತರವೆಲ್ಲ ಅಡಗಿದೆ. ಹವ್ಯಾಸಿ ಕೇಳುವುದು, "ಈ ಸಲ ಗೆಲ್ಲುವೆನೇ?" ಎಂದು. ವೃತ್ತಿಗಾರ ಕೇಳುವುದು, "ಸಾವಿರ ಸಲ ಹೀಗೆ ಮಾಡಿದರೆ ಏನಾದೀತು?" ಎಂದು. ಸರಿಯಾಗಿ ಆಡಿಯೂ ಆತ 46ರಲ್ಲಿ 37 ಸಲ ಸೋಲಬೇಕು. ಸೋತಾಗ ಮನಸ್ಸು ಕೆಡದೆ ಮತ್ತೆ ಅದೇ ಲೆಕ್ಕಕ್ಕೆ ಅಂಟಿಕೊಳ್ಳಬೇಕು. ಸಾಲು ಸೋಲನ್ನು ತಾಳುವಷ್ಟು ಗಂಟು ಬೇರೆ ಇರಬೇಕು. ಇದರೊಂದಿಗೆ ಎದುರಿನವನ ಉಸಿರು, ಕೈನಡುಕ, ಹಿಂದೆ ಅವನು ಆಡಿದ ರೀತಿ ಎಲ್ಲವನ್ನೂ ನೆನಪಿನಲ್ಲಿಡಬೇಕು. ಮಹಾಭಾರತದಲ್ಲಿ ಋತುಪರ್ಣನು ತಾರೆಯ ಮರದ ಎಲೆ ಕಾಯಿಗಳನ್ನು ನೋಡುತ್ತಲೇ ಎಣಿಸಿ ಹೇಳಿದನು. ಅವನಿಂದ ನಳನು ಅಕ್ಷಹೃದಯವೆಂಬ ವಿದ್ಯೆಯನ್ನು ಕಲಿತ ಬಳಿಕವೇ ಕಳೆದ ರಾಜ್ಯವನ್ನು ಮರಳಿ ಗೆದ್ದನು. ದಾಳದ ಗುಟ್ಟು ಎಣಿಕೆಯಲ್ಲಿದೆಯೆಂದು ಆ ಕಥೆ ಹೇಳಿದವರಿಗೂ ತಿಳಿದಿತ್ತು.

ಹತ್ತು ಮತ್ತು ಎರಡು

1970ರಲ್ಲಿ ಲಾಸ್ ವೇಗಸ್‌ನ ಹಾರ್ಸ್‌ಷೂ ಕೆಸಿನೊದ ಒಡೆಯ ಬೆನ್ನಿ ಬಿನಿಯನ್ ಹೆಸರಾಂತ ಆಟಗಾರರನ್ನು ಕೂಡಿಸಿ 'ವರ್ಲ್ಡ್ ಸೀರೀಸ್ ಆಫ್ ಪೋಕರ್' ಎಂಬ ಸ್ಪರ್ಧೆಯನ್ನು ಆರಂಭಿಸಿದ. ಮೊದಲ ವರ್ಷ ಆಟಗಾರರೇ ಮತ ಹಾಕಿ ಜಾನಿ ಮಾಸ್ ಎಂಬ ಹಿರಿಯನನ್ನು ಆರಿಸಿದರು. ಮರುವರ್ಷದಿಂದ ಪಂದ್ಯಾವಳಿಯ ರೂಪ ಬಂತು. ಗೊತ್ತಾದ ಪ್ರವೇಶ ಶುಲ್ಕ ಕಟ್ಟಿದವರಿಗೆಲ್ಲ ಸಮಾನವಾಗಿ ಬಿಲ್ಲೆಗಳು. ಬಿಲ್ಲೆ ಮುಗಿದವನು ಏಳಬೇಕು. ಕಾಲ ಕಳೆದಂತೆ ಕಡ್ಡಾಯ ಪಣ ಏರುತ್ತ ಹೋಗುತ್ತದೆ. ಎಲ್ಲ ಬಿಲ್ಲೆಗಳೂ ಒಬ್ಬನ ಮುಂದೆ ಸೇರುವವರೆಗೆ ಆಟ.

1976ರಲ್ಲಿ ತಲಾ 10,000 ಡಾಲರ್ ಕಟ್ಟಿ 22 ಮಂದಿ ಕುಳಿತರು. ಕೊನೆಗೆ ಉಳಿದವರು ಬ್ರನ್ಸನ್ ಮತ್ತು ಜೆಸ್ಸಿ ಆಲ್ಟೊ. ಬ್ರನ್ಸನ್ ಕೈಯಲ್ಲಿ ಹತ್ತು ಮತ್ತು ಎರಡು, ಯಾವ ಲೆಕ್ಕದಿಂದಲೂ ದುರ್ಬಲ ಎಲೆಗಳು. ಆಲ್ಟೊ ಕೈಯಲ್ಲಿ ಎಕ್ಕ ಮತ್ತು ಗುಲಾಮ. ಮೇಜಿನ ಮೊದಲ ಮೂರು ಎಲೆಗಳು ಎಕ್ಕ, ಗುಲಾಮ, ಹತ್ತು. ನಾಲ್ಕನೆಯದು ಎರಡು. ಈಗ ಇಬ್ಬರಿಗೂ ಎರಡೆರಡು ಜೋಡಿ. ಆಲ್ಟೊನ ಜೋಡಿಗಳೇ ದೊಡ್ಡವು. ಉಳಿದ 44 ಎಲೆಗಳಲ್ಲಿ ಬ್ರನ್ಸನ್‌ನನ್ನು ಉಳಿಸಬಲ್ಲವು ನಾಲ್ಕೇ: ಎರಡು ಹತ್ತು, ಎರಡು ಎರಡು. ಹನ್ನೊಂದಕ್ಕೆ ಒಂದು ಸಂಭವ. ಕೊನೆಯ ಎಲೆ ಹತ್ತು! 2,20,000 ಡಾಲರ್ ಆತನ ಪಾಲಾಯಿತು.

ಮರುವರ್ಷ 34 ಮಂದಿ; ಬಹುಮಾನ 3,40,000 ಡಾಲರ್. ಕೊನೆಯ ಕೈಯಲ್ಲಿ ಬ್ರನ್ಸನ್‌ಗೆ ಬಂದ ಎಲೆಗಳು ಮತ್ತೆ ಹತ್ತು ಮತ್ತು ಎರಡು. ಮೇಜಿನ ಮೇಲೆ ಕೊನೆಯದಾಗಿ ಬಿದ್ದದ್ದೂ ಮತ್ತೆ ಹತ್ತೇ. ಅಂದಿನಿಂದ ಆ ಎರಡೆಲೆಗಳಿಗೆ ಆಟಗಾರರ ಮಾತಿನಲ್ಲಿ 'ಡಾಯ್ಲ್ ಬ್ರನ್ಸನ್' ಎಂದೇ ಹೆಸರು.

ಹಾಗಾದರೆ ಇದು ಅದೃಷ್ಟವೇ, ಜಾಣ್ಮೆಯೇ? ಆ ಕೊನೆಯ ಎಲೆ ಅದೃಷ್ಟವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮಿಕ್ಕವರೆಲ್ಲ ಎದ್ದುಹೋದ ಬಳಿಕವೂ ಆ ಎಲೆ ಬೀಳುವ ತನಕ ಮೇಜಿನಲ್ಲಿ ಉಳಿದದ್ದು, ಅದೂ ಎರಡು ವರ್ಷ ಒಂದರ ಮೇಲೊಂದು, ಬರಿಯ ಅದೃಷ್ಟವಲ್ಲ. ಒಂದು ದಿನದ ಆಟದಲ್ಲಿ ಅದೃಷ್ಟ ದೊಡ್ಡದು, ಹತ್ತು ವರ್ಷದ ಆಟದಲ್ಲಿ ಲೆಕ್ಕ ದೊಡ್ಡದು. ದುರ್ದೈವವೆಂದರೆ, ಬಹುಮಂದಿ ಹತ್ತು ವರ್ಷದ ಲೆಕ್ಕ ಬಲ್ಲವನೊಡನೆ ಒಂದು ದಿನದ ಅದೃಷ್ಟವನ್ನು ನೆಚ್ಚಿ ಆಡಲು ಕೂರುತ್ತಾರೆ.

ಗುಟ್ಟನ್ನು ಅಚ್ಚು ಹಾಕಿಸಿದವನು

ಶಾಲೆಯ ಮೇಜನ್ನು ಬಿಟ್ಟುಬಂದವನು 1978ರಲ್ಲಿ ಒಂದು ಬಗೆಯ ಉಪಾಧ್ಯಾಯನೇ ಆದ. ಬೇರೆ ಬೇರೆ ಆಟಗಳಲ್ಲಿ ನುರಿತವರನ್ನು ಜೊತೆಗೂಡಿಸಿಕೊಂಡು ದೊಡ್ಡ ಗ್ರಂಥವೊಂದನ್ನು ಬರೆದು, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ. ಅದು 'ಸೂಪರ್ ಸಿಸ್ಟಮ್' ಎಂದು ಪ್ರಸಿದ್ಧವಾಯಿತು. ಬೆಲೆ 100 ಡಾಲರ್. ಆ ಕಾಲಕ್ಕೆ ಕೇಳಿದವರು ಬೆಚ್ಚಬೇಕು. ಪರರ ಪಣವನ್ನು ಸುಮ್ಮನೆ ಹಿಂಬಾಲಿಸಬೇಡ. ಮುನ್ನುಗ್ಗಿ ಪಣ ಒಡ್ಡು, ಇಲ್ಲವೆ ಎಲೆ ಕೆಳಗಿಡು ಎಂಬುದು ಅದರ ಬೋಧನೆಯ ತಿರುಳು. ಅಲ್ಲಿಯವರೆಗೆ ಗುರುವಿಲ್ಲದೆ, ಕಿಸೆ ಬರಿದು ಮಾಡಿಕೊಂಡೇ ಕಲಿಯಬೇಕಾಗಿದ್ದ ವಿದ್ಯೆ ಪುಸ್ತಕಕ್ಕೆ ಇಳಿಯಿತು. ಓದಿದವರು ಬರೆದವನ ಎದುರೇ ಬಂದು ಕುಳಿತರು. ಆ ಪುಸ್ತಕದಿಂದ ಬಂದದ್ದಕ್ಕಿಂತ ಹೋದದ್ದೇ ಹೆಚ್ಚೆಂದು ಆತ ಮುಂದೆ ಹೇಳಿಕೊಂಡದ್ದುಂಟು.

ತನ್ನ ಆಟದಲ್ಲಿ ಇಷ್ಟು ಲೆಕ್ಕ ಬಲ್ಲ ಮನುಷ್ಯ ಆಟದ ಹೊರಗೆ ಅಷ್ಟೇನೂ ಚತುರನಾಗಿರಲಿಲ್ಲ. ನೋಹನ ನಾವೆಯ ಅವಶೇಷ ಹುಡುಕುವ ಯಾತ್ರೆ, ಮುಳುಗಿದ ಟೈಟಾನಿಕ್ ಹಡಗನ್ನು ಶೋಧಿಸುವ ಸಾಹಸ ಇಂಥವಕ್ಕೆಲ್ಲ ಹಣ ಹಾಕಿ ಕಳೆದುಕೊಂಡ. ಒಂದು ಕ್ಷೇತ್ರದ ಜಾಣ್ಮೆ ಮತ್ತೊಂದಕ್ಕೆ ತಾನಾಗಿ ಹರಿದು ಬರುವುದಿಲ್ಲ.

ಇಬ್ಬರು ಗೆಲುವಿಗರು

1980ರ ಮಹಾಪಂದ್ಯದಲ್ಲಿ ಬ್ರನ್ಸನ್ ಮತ್ತೆ ಕೊನೆಯ ಇಬ್ಬರಲ್ಲಿ ಒಬ್ಬನಾಗಿ ಉಳಿದ. ಎದುರಿಗೆ ಇಪ್ಪತ್ತರ ಹರೆಯದ ಸ್ಟೂ ಉಂಗರ್. ಎಲೆಗಳನ್ನು ನೆನಪಿಡುವುದರಲ್ಲಿ ಉಂಗರ್‌ಗೆ ಸಾಟಿಯಿಲ್ಲವೆಂದು ಹೆಸರು. ಅಂದು ಗೆದ್ದವನು ಉಂಗರ್. 1981ರಲ್ಲಿ ಮತ್ತೆ ಗೆದ್ದ. 1997ರಲ್ಲಿ ಮೂರನೆಯ ಸಲ, ಹತ್ತು ಲಕ್ಷ ಡಾಲರ್ ಬಹುಮಾನದೊಂದಿಗೆ. ಪ್ರತಿಭೆಯನ್ನೇ ಅಳೆಯುವುದಾದರೆ ಬ್ರನ್ಸನ್‌ಗಿಂತ ಆತನೇ ಮೇಲೆಂದು ಹೇಳುವವರು ಬಹಳ. ಆದರೆ ಗೆದ್ದದ್ದನ್ನು ಕುದುರೆಗೆ, ಬೇರೆ ಪಂದ್ಯಗಳಿಗೆ, ಮಾದಕ ದ್ರವ್ಯಕ್ಕೆ ಸುರಿದ. ಮೂರನೆಯ ಗೆಲುವಿನ ಮರುವರ್ಷ, 1998ರ ನವೆಂಬರಿನಲ್ಲಿ, ಲಾಸ್ ವೇಗಸ್‌ನ ಅಗ್ಗದ ವಸತಿಗೃಹವೊಂದರ ಕೋಣೆಯಲ್ಲಿ ಸತ್ತು ಬಿದ್ದಿದ್ದ. ವಯಸ್ಸು ನಲವತ್ತೈದು.

ಅಂದು ಸೋತ ಬ್ರನ್ಸನ್ ಇನ್ನೂ ಆಡುತ್ತಲೇ ಇದ್ದ. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಪತ್ರದ ನೌಕರ ಇಂಟರ್‌ನೆಟ್ಟಿನ ಸಣ್ಣ ಪಂದ್ಯವೊಂದರ ಮೂಲಕ ಅರ್ಹತೆ ಪಡೆದು ಬಂದು, 839 ಮಂದಿಯನ್ನೊಳಗೊಂಡ ಮಹಾಪಂದ್ಯವನ್ನು ಗೆದ್ದ. ಮರುವರ್ಷ ಬಂದವರು 2,576; 2006ರಲ್ಲಿ 8,773. ಗಣಕಯಂತ್ರದ ಮುಂದೆ ಕುಳಿತು ತಿಂಗಳಲ್ಲಿ ಸಾವಿರಾರು ಕೈ ಆಡಿ ಪಳಗಿದ ಹುಡುಗರ ನಡುವೆ ಹಳಬರು ಹಿಂದೆ ಬಿದ್ದರು. ಬ್ರನ್ಸನ್ 2004ರಲ್ಲಿ 53ನೆಯವನಾಗಿ ಎದ್ದ. ಅದೇ ವರ್ಷ ಇನ್ನೊಂದು ದೊಡ್ಡ ಪಂದ್ಯಾವಳಿ ಗೆದ್ದು ಹನ್ನೊಂದು ಲಕ್ಷ ಡಾಲರಿಗೂ ಮಿಕ್ಕ ಬಹುಮಾನ ಪಡೆದ. 2005ರಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಈ ಸರಣಿಯ ವಿಜೇತರಿಗೆ ಕೊಡುವ ಚಿನ್ನದ ಕಡಗ ಹತ್ತನೆಯ ಬಾರಿ ಕೈಸೇರಿತು. ಆ ವರ್ಷವೇ ಮಗ ಟಾಡ್ ಕೂಡ ಒಂದು ಕಡಗ ಗೆದ್ದ. 2018ರಲ್ಲಿ, ಇದೇ ತನ್ನ ಕಡೆಯ ಪಂದ್ಯವೆಂದು ಹೇಳಿ ಆಡಿದಾಗ ಎಂಬತ್ತನಾಲ್ಕರ ಆ ಮುದುಕ ಆರನೆಯ ಸ್ಥಾನದವರೆಗೂ ಉಳಿದಿದ್ದ. ಹೆಂಡತಿ ಲೂಯಿಸಳ ಜೊತೆ ಹೆಚ್ಚು ಕಾಲ ಕಳೆಯಬೇಕೆಂಬುದು ನಿವೃತ್ತಿಗೆ ಆತ ಕೊಟ್ಟ ಕಾರಣ.

ಗೆಲ್ಲುವ ವಿದ್ಯೆ ಇಬ್ಬರಿಗೂ ಇತ್ತು. ಸೋಲನ್ನು ಅಳೆದು, ತಾಳಿ, ಮತ್ತೆ ಕಟ್ಟುವ ವಿದ್ಯೆ ಒಬ್ಬನಿಗೇ ಇತ್ತು. ಮನೆ, ಮಡದಿ, ಮಕ್ಕಳೆಂಬ ಲಂಗರು ಆತನನ್ನು ಹಿಡಿದು ನಿಲ್ಲಿಸಿತೆಂದು ನನಗನಿಸುತ್ತದೆ.

ನಾವು ಕೂಡಿಸಿ ನೋಡಬೇಕಾದ ಮೊತ್ತ

ಪಂದ್ಯಾವಳಿಗಳಲ್ಲಿ ಬ್ರನ್ಸನ್ ಪಡೆದ ಬಹುಮಾನಗಳ ಮೊತ್ತ 60 ಲಕ್ಷ ಡಾಲರಿಗೂ ಮೇಲೆ. ಈ ಅಂಕಿಯನ್ನು ಕಂಡು ತಲೆ ತಿರುಗಬಾರದು. ಕಟ್ಟಿದ ಪ್ರವೇಶ ಶುಲ್ಕವನ್ನು ಇದರಲ್ಲಿ ಕಳೆದಿಲ್ಲ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಹೊಲದಲ್ಲಿ ಸೇರು ಬಿತ್ತಿದರೆ ಖಂಡುಗ ಬೆಳೆದೀತು. ಮಗ್ಗದಲ್ಲಿ ನೂಲು ಸೀರೆಯಾದೀತು. ಇಸ್ಪೀಟಿನ ಮೇಜಿನಲ್ಲಿ ಏನೂ ಬೆಳೆಯುವುದಿಲ್ಲ. ಹತ್ತು ಜನ ನೂರು ನೂರು ರೂಪಾಯಿ ಇಟ್ಟು ಕುಳಿತು, ಆಟ ನಡೆಸುವವನು ಐವತ್ತು ರೂಪಾಯಿ ಕಮಿಷನ್ ಹಿಡಿದರೆ, ಹಂಚಿಕೊಳ್ಳಲು ಉಳಿಯುವುದು 950. ಒಬ್ಬ ಬ್ರನ್ಸನ್ ಐವತ್ತು ವರ್ಷ ಉಂಡುಟ್ಟು ಬಾಳಬೇಕಾದರೆ ಆ ಅನ್ನ ಎಷ್ಟು ಮನೆಗಳ ಅಡುಗೆಮನೆಯಿಂದ ಬಂದಿರಬೇಕು! ಆ ಮನೆಗಳ ಚರಿತ್ರೆಯನ್ನು ಯಾರೂ ಬರೆಯಲಿಲ್ಲ.

ಆಟದಲ್ಲಿ ಜಾಣ್ಮೆಯೆಷ್ಟು, ಅದೃಷ್ಟವೆಷ್ಟು ಎಂಬ ಪ್ರಶ್ನೆ ನಮ್ಮ ನ್ಯಾಯಾಲಯಗಳಿಗೂ ಬಂದಿದೆ. ಆಂಧ್ರದಿಂದ ಹೋದ ಮೊಕದ್ದಮೆಯೊಂದರಲ್ಲಿ 1967ರಲ್ಲಿ ಸುಪ್ರೀಂ ಕೋರ್ಟು, ರಮ್ಮಿಯಲ್ಲಿ ಜಾಣ್ಮೆಯೇ ಮುಖ್ಯ, ಅದು ಮೂರೆಲೆಯ ಆಟದಂತೆ ಬರಿಯ ಅದೃಷ್ಟವಲ್ಲ ಎಂದು ಹೇಳಿತು. ಈ ಮಾತಿನ ಆಧಾರದ ಮೇಲೆಯೇ ಮೊಬೈಲ್ ಫೋನಿನಲ್ಲಿ ಹಣದ ರಮ್ಮಿ, ಪೋಕರ್ ಮನೆಮನೆಗೆ ಬಂದವು. ತೆಲಂಗಾಣ 2017ರಲ್ಲಿ, ಆಂಧ್ರಪ್ರದೇಶ 2020ರಲ್ಲಿ ಇವುಗಳಿಗೆ ತಡೆ ಹಾಕಿದವು. ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು ಮರುವರ್ಷ ಅಲ್ಲಿನ ಹೈಕೋರ್ಟು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು, ಜಾಣ್ಮೆಯದಾಗಲಿ ಅದೃಷ್ಟದ್ದಾಗಲಿ, ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೆಲ್ಲ ದೇಶಕ್ಕೇ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು.

ಜಾಣ್ಮೆಯ ಆಟವೆಂದರೆ ಅಪಾಯವಿಲ್ಲದ ಆಟವೆಂದು ಹಲವರು ತಿಳಿಯುತ್ತಾರೆ. ಬ್ರನ್ಸನ್‌ನ ಬಾಳು ಇದಕ್ಕೆ ತದ್ವಿರುದ್ಧವಾದುದನ್ನೇ ಹೇಳುತ್ತದೆ. ಆಟ ಅದೃಷ್ಟದ್ದಾದರೆ ಎಲ್ಲರೂ ಸಮಾನರು. ಜಾಣ್ಮೆಯದಾದರೆ ಕಡಿಮೆ ಜಾಣ ಸೋಲುವುದು ಖಂಡಿತ. ಎದುರಿಗೆ ಕುಳಿತವನು ಯಾರೆಂದು ಬಿಡಾರದ ಹಿಂಕೋಣೆಯಲ್ಲಾದರೂ ಕಣ್ಣಾರೆ ಕಾಣುತ್ತಿತ್ತು. ಫೋನಿನ ಪರದೆಯ ಹಿಂದೆ ಅದೂ ಕಾಣದು.

ನಮ್ಮ ಮಕ್ಕಳು ಈ ಆಟದ ಹೆಸರು ಕೇಳಿಯೇ ಕೇಳುತ್ತಾರೆ. ಬೈದು ಬಾಯಿ ಮುಚ್ಚಿಸುವುದರಿಂದ ಪ್ರಯೋಜನವಿಲ್ಲ. ಕಾಗದ ಪೆನ್ಸಿಲು ಕೊಟ್ಟು, ಮೇಲೆ ಹೇಳಿದ 46 ಎಲೆಗಳ ಲೆಕ್ಕವನ್ನು ಮಾಡಿಸಿ. ಹತ್ತು ಜನರ 950 ರೂಪಾಯಿಯ ಲೆಕ್ಕವನ್ನೂ ಅದರ ಕೆಳಗೇ ಬರೆಸಿ. ಎರಡನ್ನೂ ಬಿಡಿಸಬಲ್ಲ ಹುಡುಗನಿಗೆ ಬ್ರನ್ಸನ್‌ನ ಬುದ್ಧಿಶಕ್ತಿಯನ್ನು ಮೆಚ್ಚಲೂ ಬರುತ್ತದೆ, ಆ ಮೇಜಿಗೆ ಹೋಗದೆ ಇರಲೂ ಬರುತ್ತದೆ.